ಸವಳು ನೀರಿನ ಊರಾಗ ಬಾಲ್ ವಾಲ್ವ್: ಟಾಕಿ, ಸೋಲಾರ್, ಕಂಪ್ರೆಸರ್, ಹೊಲದ ಲೈನ್‌ಗೆ ಯಾವುದು ಎಲ್ಲಿ?

ನವನಗರ_ಶೆಡ್ (ಬಾಗಲಕೋಟೆ) ಕೇಳಿದ್ದು:

ಎಲ್ಲಾರಿಗೂ ನಮಸ್ಕಾರ ರೀ. ಮನಿ ನವನಗರದಾಗ, ಬಗಲಾಗ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್. ಬೋರಿನ ನೀರು ಕಡು ಸವಳು, ಬಕೆಟ್ಟಿನ ಅಂಚಿಗೆ ಬೆಳ್ಳಗ ಸುಣ್ಣ ಕಟ್ಟತೈತಿ. ಮಾಳಗಿ ಮ್ಯಾಲಿನ 1,000 ಲೀಟರ್ ಟಾಕಿಗೆ ಮೂರು ಗೇಟ್ ವಾಲ್ವ್ ಅದಾವು. ಒಂದು ತಿರಗೂದ ಇಲ್ಲ, ಇನ್ನೊಂದು ಎಷ್ಟು ತಿರುವಿದ್ರೂ ತಿರಕ್ಕೊಂತ ಹೋಗತೈತಿ, ನೀರು ಮಾತ್ರ ನಿಲ್ಲಂಗಿಲ್ಲ. ಎಲ್ಲಾ ತಗದು ಬಾಲ್ ವಾಲ್ವ್ ಹಾಕಬೇಕಂತ ಮಾಡೇನಿ. ತಿಳಿದವ್ರು ಇಷ್ಟು ಬಿಡಿಸಿ ಹೇಳ್ರಿ:

ಟಾಕಿಯಿಂದ ಕೆಳಗ ಇಳಿಯೂ ಲೈನ್ 1 ಇಂಚಿನ ಯುಪಿವಿಸಿ (ತಣ್ಣೀರಿನ ಪ್ಲಾಸ್ಟಿಕ್ ಪೈಪ್), ಮನಿ ಒಳಗ ಸಿಪಿವಿಸಿ (ಬಿಸಿನೀರೂ ತಡಿಯೂ ಪ್ಲಾಸ್ಟಿಕ್). ಹಿತ್ತಾಳಿ ವಾಲ್ವ್ ಚಲೋನೋ ಪ್ಲಾಸ್ಟಿಕ್ ಚಲೋನೋ? ಅಂಗಡ್ಯಾಗ ಒಂದ ಅಳತಿ ವಾಲ್ವಿಗೆ ಮೂರು ರೇಟ್ ಹೇಳ್ತಾರ, ನೋಡಾಕ ಮೂರೂ ಒಂದ ನಮೂನಿ. ಸೋಲಾರ್ ಬಿಸಿನೀರಿನ ಲೈನ್‌ಗೂ ಒಂದು ವಾಲ್ವ್ ಬೇಕು. ಶೆಡ್ಡಿನಾಗ 2 ಎಚ್‌ಪಿ ಕಂಪ್ರೆಸರ್ ಐತಿ, 8 ಕೆಜಿ ಪ್ರೆಷರ್ (ಚದರ ಸೆಂಟಿಮೀಟರಿಗೆ ಕೆಜಿ ಲೆಕ್ಕ). ಮೂರು ಕಡೆ ಗಾಳಿ ಪಾಯಿಂಟ್ ತಗೀಬೇಕು. ಉಳಿದ ಯುಪಿವಿಸಿ ಪೈಪಿನಾಗ ಮುಗಿಸಿಬಿಡ್ರಿ ಅಂತ ಒಬ್ರು ಅಂದ್ರು, ನಡೀತೈತೇನು?

ಕಡೀದು ಹೊಲದ್ದು. ಬಾವಿಯಿಂದ 63 ಎಂಎಂ ಪಿವಿಸಿ ಲೈನ್, ಸುಮಾರು 300 ಮೀಟರ್, ಮುಂದ ಡ್ರಿಪ್ಪಿನ ಎರಡು ಬ್ಲಾಕ್. ವಾಲ್ವ್ ಬಂದ್ ಮಾಡಿದಾಗ ಹಿಂದಿನ ಜೋಡಣಿ ಕಳಚಿ ಬರತೈತಿ. ಸೊಲ್ಯೂಷನ್ (ಪೈಪಿನ ಅಂಟು) ಹಚ್ಚಿ ಮತ್ತ ಕೂಡಿಸಿದ್ರೂ ಅದ ಹಾಡು.

ಗುಮ್ಮಟ_ಪ್ಲಂಬಿಂಗ್ (ವಿಜಯಪುರ):

ಅಣ್ಣಾರ, ಮೊದಲ ಟಾಕೀದು ಹೇಳ್ತೇನಿ.

ಗೇಟ್ ವಾಲ್ವಿನ ಕೆಳಗ ಗೇಟ್ ಕೂಡಾಕ ಒಂದು ತಗ್ಗು ಇರತೈತಿ. ಸವಳು ನೀರಾಗ ಆ ತಗ್ಗಿನಾಗ ಸುಣ್ಣ ತುಂಬತೈತಿ, ಗೇಟ್ ಪೂರಾ ಕೆಳಗ ಇಳಿಯಂಗಿಲ್ಲ. ನಾವು ಜೋರ್ ಹಾಕಿ ತಿರುವ್ತೀವಿ, ಸ್ಪಿಂಡಲ್ಲಿನಿಂದ (ಹ್ಯಾಂಡಲ್ ತಿರುವೂ ಸಲಾಕಿ) ಗೇಟ್ ಕಳಚಿ ಒಳಗ ಉಳೀತೈತಿ. ನಿಮ್ಮ ಎರಡನೇ ವಾಲ್ವಿಗೆ ಆಗಿದ್ದು ಇದ. ಬಾಲ್ ವಾಲ್ವಿನಾಗ ನಡೂ ತೂತಿರೂ ಉಂಡಿ ಟೆಫ್ಲಾನ್ ಸೀಟಿಗೆ (ಉಂಡಿಗೆ ಒತ್ತಿ ಕೂಡೂ ಮೆತ್ತಗಿನ ಬಳಿ) ತಿಕ್ಕೊಂಡ ತಿರಗತೈತಿ, ಹಂಗಾಗಿ ತಿರುವಿದಾಗೊಮ್ಮೆ ಮ್ಯಾಲಿನ ಸುಣ್ಣ ಒರಸಿ ಹೋಗತೈತಿ. ಆದ್ರ ವರ್ಷಗಟ್ಟಲೆ ಮುಟ್ಟದ ಬಿಟ್ರ ಇದೂ ಅಷ್ಟ. ಗಟ್ಟಿಯಾದ ಸುಣ್ಣದ ಪದರ ಉಂಡಿಗೆ ಹತ್ತಿ, ಮುಂದ ಯಾವಾಗೋ ತಿರುವಿದಾಗ ಮೆತ್ತಗಿನ ಸೀಟ್ ಗೀರತೈತಿ. ತಿಂಗಳಿಗೊಮ್ಮೆ ಎಲ್ಲಾ ವಾಲ್ವ್ ಎರಡ್ಮೂರು ಸಲ ಬಂದ್ ಮಾಡಿ ತಗೀರಿ. ನಮ್ಮ ಕಡೆ ನೀರಿಗೆ ಇದು ಬೇಕ ಬೇಕು.

ಇನ್ನೊಂದು, ಬಾಲ್ ವಾಲ್ವಿಗೆ ಇರೂದು ಎರಡ ಜಾಗ: ಪೂರಾ ತೆರದಿದ್ದು, ಪೂರಾ ಮುಚ್ಚಿದ್ದು. ನೀರು ಸಣ್ಣ ಮಾಡಾಕ ಅರ್ಧ ತಿರುವಿ ಬಿಟ್ರ ಸಂದಿಯಿಂದ ನೀರು ರಭಸಲೆ ಹಾಯ್ದು ಸೀಟಿನ ಒಂದ ಅಂಚನ್ನ ಕೊರೀತೈತಿ. ಆಮ್ಯಾಲ ಮುಚ್ಚಿದ್ರೂ ಹನಿ ನಿಲ್ಲಂಗಿಲ್ಲ. ನಳದ ನೀರು ಸಣ್ಣ ಮಾಡಬೇಕಂದ್ರ ಅಲ್ಲೆ ಆ್ಯಂಗಲ್ ಕಾಕ್ ಹಾಕ್ರಿ, ಲೈನಿನ ವಾಲ್ವ್ ಮುಟ್ಟಬ್ಯಾಡ್ರಿ.

ಹಿತ್ತಾಳಿನೋ ಪ್ಲಾಸ್ಟಿಕ್ಕೋ? ಟಾಕಿಯಿಂದ ಇಳಿಯೂ ಲೈನಿಗೆ ನಾನು ಯೂನಿಯನ್ ಇರೂ ಪ್ಲಾಸ್ಟಿಕ್ ವಾಲ್ವನ್ನ ಹೇಳ್ತೇನಿ, ಎರಡೂ ಬದಿಗೆ ಬಿಚ್ಚೂ ನಟ್ ಇರೂವಂಥಾದ್ದು. ಉಪ್ಪಿನಂಶ ಜಾಸ್ತಿ ಇರೂ ನೀರಾಗ ಹಗುರ ಹಿತ್ತಾಳ್ಯಾಗಿನ ಸತು ಕರಗಿ ಹೋಗಿ ಲೋಹ ಕೆಂಪು ತಿರಗತೈತಿ, ಬಿಸ್ಕೀಟಿನಂಗ ಪುಡಿ ಆಗತೈತಿ. ಪ್ಲಾಸ್ಟಿಕ್ಕಿಗೆ ಆ ಕಾಟ ಇಲ್ಲ, ಸುಣ್ಣಾನೂ ಕಡಿಮಿ ಹತ್ತತೈತಿ. ಅದರ ವೈರಿ ಬಿಸಿಲು. ಯುಪಿವಿಸಿ 45 ಡಿಗ್ರಿ ದಾಟಿದ್ರ ಪ್ರೆಷರ್ ತಡಿಯೂ ಶಕ್ತಿ ಜಗ್ಗಿ ಇಳೀತೈತಿ, ಹ್ಯಾಂಡಲ್ ಎರಡ್ಮೂರು ಬ್ಯಾಸಿಗಿಗೆ ಬಿಳಚಿ ಪಟ್ ಅಂತ ಮುರೀತೈತಿ. ಟಾಕಿ ನೆರಳಿನ ಬದಿಗೆ ಹಾಕ್ರಿ, ಇಲ್ಲಂದ್ರ ಮ್ಯಾಲೊಂದು ಕ್ಯಾಪೋ, ಕೊರದ ಪೈಪಿನ ತುಂಡೋ ಮುಚ್ಚಿಗಿ ಮಾಡ್ರಿ. ಯೂನಿಯನ್ ಯಾಕಂದ್ರ, ಮುಂದ ವಾಲ್ವ್ ಕೆಟ್ರ ಎರಡು ನಟ್ ಬಿಚ್ಚಿ ಹೊಸಾದು ಕೂಡಿಸಬಹುದು. ಅಂಟಿಸೂ ಸಾದಾ ವಾಲ್ವಾದ್ರ ಪೈಪ್ ಕೊಯ್ಯಬೇಕು, ನಾಲ್ಕು ಸಲ ಕೊಯ್ದ ಮ್ಯಾಲ ಕೊಯ್ಯಾಕ ಪೈಪ ಉಳಿಯಂಗಿಲ್ಲ.

ಅಂಗಡ್ಯಾಗ ಎಲ್ಲಾರೂ ಎಡವೂ ಜಾಗ ಅಳತಿ. ಬಾಯಿಮಾತಿಗೆ ಎಲ್ಲಾನೂ «1 ಇಂಚ» ಅಂತಾರ, ಆದ್ರ 1 ಇಂಚ ಸಿಪಿವಿಸಿ ಪೈಪಿನ ಹೊರಮೈ 28.6 ಎಂಎಂ, 1 ಇಂಚ ಯುಪಿವಿಸಿದು 33.4 ಎಂಎಂ, ಹೊಲದ ಪಿವಿಸಿ 32 ಎಂಎಂ. ಮೂರೂ ಒಂದಕ್ಕೊಂದು ಕೂಡಂಗಿಲ್ಲ. ನಿಮ್ಮ 63 ಎಂಎಂ ಹೊಲದ ಲೈನೂ ಹಂಗ. 2 ಇಂಚ ಯುಪಿವಿಸಿ ವಾಲ್ವಿನ ಬಾಯಿ 60.3 ಎಂಎಂ ಪೈಪಿಗೆ ಮಾಡಿದ್ದು, ಅದರಾಗ ಹೊಲದ ಪೈಪ ಹೋಗೂದ ಇಲ್ಲ. ಉಲ್ಟಾ ಮಾಡಿದ್ರ ಇನ್ನೂ ಕೆಟ್ಟದ್ದು: 63ರ ವಾಲ್ವಿನಾಗ 2 ಇಂಚ ಯುಪಿವಿಸಿ ಸಡ್ಲಾಗಿ ಕೂಡತೈತಿ, ಸೊಲ್ಯೂಷನ್ ಸುರಿದು ಸಂದಿ ತುಂಬತಾರ, ಪ್ರೆಷರ್ ಬಂದಾಗ ಹಾರತೈತಿ. ಒಂದು ಗೇಣು ಪೈಪಿನ ತುಂಡು ಕೈಯಾಗ ಹಿಡ್ಕೊಂಡ ಅಂಗಡಿಗೆ ಹೋಗ್ರಿ. ಸೊಲ್ಯೂಷನ್ ಇಲ್ಲದ ಪೈಪ್ ಬಾಯ್ಯಾಗ ಮೂರನೇ ಒಂದರಿಂದ ಮೂರನೇ ಎರಡು ಪಾಲು ಹೋಗಿ ಬಿಗಿ ಹಿಡೀಬೇಕು. ಅಲ್ಲಾಡಿಕೋತ ತಳಕ್ಕ ಹೋದ್ರ ಅದು ನಿಮ್ಮ ಅಳತಿ ಅಲ್ಲ.

ಇನ್ನ ಫುಲ್ ಬೋರ್ ವಿಷಯ. ವಾಲ್ವ್ ತೆರದು ಬೆಳಕಿಗೆ ಹಿಡದು ನೋಡ್ರಿ, ಉಂಡಿಯ ತೂತು ಪೈಪಿನ ಒಳಮೈಯಷ್ಟ ಕಾಣಬೇಕು. ಸಣ್ಣ ತೂತಿನದೂ ಬರತಾವು, ರೇಟಿನ ಫರಕಿಗೆ ಅದೂ ಒಂದು ಕಾರಣ. 10 ಮೀಟರ್ ಎತ್ತರದ ನೀರಿಗೆ 1 ಕೆಜಿ ಪ್ರೆಷರ್ ಅಂತ ಲೆಕ್ಕ. ಮ್ಯಾಲಿನ ಮನ್ಯಾಗಿನ ಶಾವರಿಗೂ ಟಾಕಿಗೂ 2–3 ಮೀಟರ್ ಇದ್ರ ಪ್ರೆಷರ್ ಬರೇ 0.2–0.3 ಕೆಜಿ. ಅಷ್ಟರಾಗ ತೂತು ಸಣ್ಣ ಇದ್ರ ನೀರು ನೂಲಿನಂಗ ಬೀಳತೈತಿ. ಪಂಪಿನ ಲೈನಿಗೆ ಇದು ಅಷ್ಟು ಬಾಧಿಸಂಗಿಲ್ಲ, ಟಾಕಿಯಿಂದ ಇಳಿಯೂ ಲೈನಿಗೆ ಮಾತ್ರ ಫುಲ್ ಬೋರ್ ಬಿಟ್ಟು ಬ್ಯಾರೇದು ತರಬ್ಯಾಡ್ರಿ.

ಜೋಡಿಸೂ ಕ್ರಮ: ಟಾಕಿ ನಿಪ್ಪಲ್, ಒಂದು ಗೇಣು ಪೈಪ್, ಯೂನಿಯನ್ ವಾಲ್ವ್, ವಾಲ್ವ್ ಆದ ಕೂಡಲೆ ಟೀ. ಟೀಯಿಂದ ½ ಅಥವಾ ¾ ಇಂಚಿನ ಪೈಪ್ ಟಾಕಿ ಮುಚ್ಚಳಕ್ಕಿಂತ ಒಂದಡಿ ಮ್ಯಾಲ ಒಯ್ದು ಬಾಯಿ ಕೆಳಗ ಮಾಡಿ ಬಿಡ್ರಿ, ಅದು ಗಾಳಿ ಪೈಪ್. ಟಾಕಿ ತೊಳದು ಮತ್ತ ವಾಲ್ವ್ ತಗದಾಗ ಲೈನಿನಾಗ ಗಾಳಿ ಹಿಡದು ನೀರು ಬರದಂಗ ಆಗೂದು ಇದರಿಂದ ತಪ್ಪತೈತಿ. ಟಾಕಿ ತಳಕ್ಕ ತೊಳಿಯೂ ಸಲುವಾಗಿ ಬ್ಯಾರೇನ ಒಂದು 1 ಇಂಚಿನ ವಾಲ್ವ್ ಇರಲಿ. ವಾಲ್ವಿನ ಭಾರ, ಪೈಪಿನ ಭಾರ ಟಾಕಿ ನಿಪ್ಪಲ್ಲಿನ ಮ್ಯಾಲ ಜೋತು ಬೀಳಬಾರದು, ಒಂದಡಿ ಒಳಗ ಕ್ಲ್ಯಾಂಪ್ ಹೊಡೀರಿ. ಹ್ಯಾಂಡಲ್ ಕಾಲು ಸುತ್ತು ತಿರಗಾಕ ಗ್ವಾಡಿಯಿಂದ ಜಾಗ ಬಿಟ್ಟೀರಿಲ್ಲೋ ಅಂತ ಅಂಟಿಸೂಕಿಂತ ಮೊದಲ ನೋಡ್ಕೋರಿ. ಜಾಗ ಇಲ್ಲಂದ್ರ ಚಿಟ್ಟಿ ಹ್ಯಾಂಡಲ್ಲಿಂದು ಸಿಗತೈತಿ.

ಅಂಟಿಸೂಮುಂದ ಯೂನಿಯನ್ ವಾಲ್ವನ್ನ ಪೂರಾ ಬಿಚ್ಚಿ ನಡೂ ಭಾಗ ಬಾಜೂಕ ಇಡ್ರಿ. ಪೈಪಿಗೆ ಮೊದಲ ನಟ್ ಏರಿಸ್ರಿ, ಆಮ್ಯಾಲ ತುದಿಯ ತುಂಡು ಅಂಟಿಸ್ರಿ. ನಟ್ ಏರಸೂದ ಮರೆತ್ರ ಅಂಟಿದ ಮ್ಯಾಲ ಅದು ಒಳಗ ಹೋಗಂಗಿಲ್ಲ, ಕೊಯ್ಯೂದ ಗತಿ. ಪೈಪ್ ನೆಟ್ಟಗ ಕೊಯ್ದು ಅಂಚಿನ ಬುರ್ ತಗೀರಿ, ಬಾಯ್ಯ ಆಳ ಪೈಪಿನ ಮ್ಯಾಲ ಗುರುತು ಹಾಕ್ರಿ. ಸೊಲ್ಯೂಷನ್ ಪೈಪಿಗೆ ದಂಡಿಯಾಗಿ, ಬಾಯ್ಯಾಗ ತೆಳ್ಳಗ. ಕಾಲು ಸುತ್ತು ತಿರುವಿ ಗುರುತಿನ ಮಟ ಒತ್ತಿ 30 ಸೆಕೆಂಡ್ ಹಿಡೀರಿ. ಸಿಪಿವಿಸಿಗೆ ಸಿಪಿವಿಸಿ ಸೊಲ್ಯೂಷನ್, ಯುಪಿವಿಸಿಗೆ ಯುಪಿವಿಸೀದು, ಅದಲು ಬದಲು ಬ್ಯಾಡ. ಸಾದಾ ಅಂಟಿಸೂ ವಾಲ್ವಾಗಿದ್ರ ತೆರದಿಟ್ಟ ಅಂಟಿಸ್ರಿ, ಬಾಯಿ ಮ್ಯಾಲ ಮಾಡಿ ಸುರೀಬ್ಯಾಡ್ರಿ. ಒಂದು ಹನಿ ಉಂಡಿಗೆ ಇಳದ್ರೂ ಸೀಟಿಗೆ ಅಂಟಿ ಕೂಡತೈತಿ. ಅಂಟಿಸಿದ ಮ್ಯಾಲ ಒಂದು ದಿವಸ ಪೂರಾ ಬಿಟ್ಟು ನೀರು ಬಿಡ್ರಿ.

ಉದ್ಯಮಬಾಗ್_ಫಿಟ್ಟರ್ (ಬೆಳಗಾವಿ):

ಹಿತ್ತಾಳೆ ವಾಲ್ವ್ ಮತ್ತು ಶೆಡ್ ಬಗ್ಗೆ ನಾನು ಬರೆಯುತ್ತೇನೆ. ಮೊದಲು ಮುಖ್ಯವಾದದ್ದು: ಗಾಳಿ ಲೈನಿಗೆ ಯುಪಿವಿಸಿ ಬೇಡವೇ ಬೇಡ ರೀ. ಸಿಪಿವಿಸಿಯೂ ಬೇಡ. ನೀರು ಒತ್ತಿದರೆ ಹೆಚ್ಚು ಕುಗ್ಗುವುದಿಲ್ಲ, ಪೈಪ್ ಒಡೆದರೆ ಚಿಮ್ಮಿ ನಿಲ್ಲುತ್ತದೆ. ಗಾಳಿ ಸ್ಪ್ರಿಂಗಿನ ಹಾಗೆ ಒತ್ತಿ ಕೂತಿರುತ್ತದೆ. 8 ಕೆಜಿಯಲ್ಲಿ ಪೈಪ್ ಒಡೆದರೆ ಚೂಪಾದ ಚೂರುಗಳಾಗಿ ಸಿಡಿಯುತ್ತದೆ. ಕಂಪ್ರೆಸರ್ ಎಣ್ಣೆ, ಬಿಸಿಗಾಳಿ, ವೆಲ್ಡಿಂಗ್ ಕಿಡಿ ಎಲ್ಲ ಸೇರಿ ಅದನ್ನು ಇನ್ನಷ್ಟು ಬೇಗ ಪೆಡಸು ಮಾಡುತ್ತವೆ. ಪೈಪಿನ ಮೇಲೆ 10 ಕೆಜಿ ಅಂತ ಬರೆದಿದ್ದರೆ ಅದು ನೀರಿಗೆ ಹೇಳಿದ ಮಾತು. ಜಿಐ (ಸತು ಲೇಪದ ಕಬ್ಬಿಣ) ಪೈಪ್ ಹಾಕಿ, ನೀಲಿ ಪಟ್ಟಿಯ ಬಿ ಕ್ಲಾಸ್ ಸಾಕು. ನಿಮ್ಮ ಕಂಪ್ರೆಸರಿಗೆ ¾ ಇಂಚಿನ ಮುಖ್ಯ ಲೈನ್, ½ ಇಂಚಿನ ಕೆಳಗಿಳಿಯುವ ಪೈಪ್.

ಮುಖ್ಯ ಲೈನ್ ಮೀಟರಿಗೆ 1 ಸೆಂಟಿಮೀಟರಿನಷ್ಟು ಇಳಿಜಾರಾಗಿ ಹೋಗಲಿ. ಪಾಯಿಂಟುಗಳನ್ನು ಮುಖ್ಯ ಪೈಪಿನ ನೆತ್ತಿಯಿಂದ ಮೇಲಕ್ಕೆ ತೆಗೆದು ಬಾಗಿಸಿ ಇಳಿಸಿ. ಕೆಳಗಿನಿಂದ ತೆಗೆದರೆ ಲೈನಿನಲ್ಲಿ ಕೂತ ನೀರೆಲ್ಲ ನಿಮ್ಮ ಸ್ಪ್ರೇ ಗನ್ನಿಗೆ ಬರುತ್ತದೆ. ಲೈನಿನ ಕೊನೆಯಲ್ಲಿ ಒಂದಡಿ ಪೈಪ್ ಕೆಳಕ್ಕೆ ಇಳಿಸಿ ಅದರ ಬುಡಕ್ಕೆ ¼ ಇಂಚಿನ ಬಾಲ್ ವಾಲ್ವ್, ಕಂಪ್ರೆಸರ್ ಟ್ಯಾಂಕಿನ ಹೊಟ್ಟೆಯ ಕೆಳಗೂ ಅಂಥದ್ದೇ ಇನ್ನೊಂದು. ಪ್ರತಿ ಸಂಜೆ ಎರಡನ್ನೂ ನಿಧಾನ ತೆರೆದು ನೀರು ಬಿಡಿ. ಮಳೆಗಾಲದಲ್ಲಿ, ಅದರಲ್ಲೂ ನಮ್ಮ ಬೆಳಗಾವಿ ಹವೆಯಲ್ಲಿ, ಒಂದೇ ದಿನಕ್ಕೆ ಎಷ್ಟು ನೀರು ಕೂಡುತ್ತದೆ ಅನ್ನುವುದನ್ನು ನೋಡಿದವರಿಗೇ ಗೊತ್ತು; ಬಿಡದಿದ್ದರೆ ಟ್ಯಾಂಕ್ ಒಳಗಿನಿಂದ ತುಕ್ಕು ತಿನ್ನುತ್ತದೆ.

ಪ್ರತಿ ಪಾಯಿಂಟಿನಲ್ಲಿ ಬಾಲ್ ವಾಲ್ವ್ ಬೇಕು, ಆದರೆ ಅಲ್ಲಿ ಸಾಧ್ಯವಾದರೆ ಗಾಳಿ ಬಿಡುವ ತೂತಿರುವ ವಾಲ್ವ್ ತನ್ನಿ. ಅದನ್ನು ಮುಚ್ಚಿದಾಗ ಹೋಸಿನಲ್ಲಿ ಉಳಿದ ಗಾಳಿ ಪಕ್ಕದ ಸಣ್ಣ ತೂತಿನಿಂದ ಹೊರಗೆ ಹೋಗುತ್ತದೆ. ಸಾದಾ ವಾಲ್ವ್ ಮುಚ್ಚಿದರೂ ಹೋಸಿನಲ್ಲಿ 8 ಕೆಜಿ ಹಾಗೇ ಇರುತ್ತದೆ, ಕಪ್ಲರ್ ಬಿಚ್ಚಿದ ಕೈಗೆ ಹೋಸ್ ಬಾರಿಸುತ್ತದೆ. ಈ ವಾಲ್ವಿಗೆ ದಿಕ್ಕಿದೆ, ಮೈಮೇಲಿನ ಬಾಣ ಗಾಳಿ ಹೋಗುವ ಕಡೆ ಇರಬೇಕು. ಕಂಪ್ರೆಸರ್ ಹೆಡ್ಡಿಗೂ ಟ್ಯಾಂಕಿಗೂ ನಡುವೆ, ಟ್ಯಾಂಕಿಗೂ ಸೇಫ್ಟಿ ವಾಲ್ವಿಗೂ ನಡುವೆ ಮಾತ್ರ ಕೈಯಿಂದ ಮುಚ್ಚುವ ಯಾವ ವಾಲ್ವನ್ನೂ ಹಾಕಬಾರದು. ಯಾರೋ ಮರೆತು ಮುಚ್ಚಿಟ್ಟು ಮೋಟರ್ ಹಾಕಿದರೆ ಅಲ್ಲಿ ಬಾಂಬ್ ತಯಾರಾದ ಹಾಗೆ.

ನೀವು ಫ್ಯಾಬ್ರಿಕೇಶನ್ ಅಂದಿರಿ, ಅದಕ್ಕೇ ಇದನ್ನೂ ಹೇಳಬೇಕು. ಕಟಿಂಗಿನ ಆಕ್ಸಿಜನ್ ಲೈನಿಗೆ ಅಂಗಡಿಯ ಸಾದಾ ಬಾಲ್ ವಾಲ್ವನ್ನು ಎಂದೂ ಕೂರಿಸಬೇಡಿ. ಒಳಗೆ ಗ್ರೀಸ್ ಇರುತ್ತದೆ. ಪ್ರೆಷರಿನ ಆಕ್ಸಿಜನ್ ಗ್ರೀಸಿಗೆ ತಾಗಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ, ಕಾಲು ಸುತ್ತಿಗೆ ದಢಕ್ಕನೆ ತೆರೆಯುವ ವಾಲ್ವಿನಲ್ಲಿ ಆ ಅಪಾಯ ಇನ್ನೂ ಜಾಸ್ತಿ. ಎಲ್‌ಪಿಜಿಗೂ ನೀರಿನ ವಾಲ್ವ್ ಬೇಡ, ಗ್ಯಾಸಿಗೆಂದೇ ಪ್ರಮಾಣಿತವಾದದ್ದನ್ನು ಕೇಳಿ ತನ್ನಿ. ಇನ್ನು ವಾಲ್ವ್ ಕೂರಿಸಿದ ಪೈಪಿಗೆ ಪಕ್ಕದಲ್ಲೇ ವೆಲ್ಡ್ ಹೊಡೆಯಬೇಡಿ. ಶಾಖ ಪೈಪಿನೊಳಗೆ ಹರಿದು ಟೆಫ್ಲಾನ್ ಸೀಟ್ ಆಕಾರ ಕೆಡುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ, ಆಮೇಲೆ ಸೋರುತ್ತದೆ. ಅರ್ಥ್ ಕ್ಲ್ಯಾಂಪ್ ವಾಲ್ವಿನ ಆಚೆ ಬದಿಗಿದ್ದರೆ ಕರೆಂಟ್ ಉಂಡಿಯ ಮೂಲಕ ಹಾಯ್ದು ಅದರ ನುಣುಪು ಮೈಗೆ ಚುಕ್ಕಿ ಬೀಳುತ್ತದೆ. ವೆಲ್ಡ್ ಅನಿವಾರ್ಯವಾದರೆ ಮೂರು ತುಂಡಿನ ಸ್ಟೀಲ್ ವಾಲ್ವ್ ತಂದು, ನಡುವಿನ ತುಂಡು ತೆಗೆದಿಟ್ಟು, ತುದಿಗಳನ್ನು ವೆಲ್ಡ್ ಮಾಡಿ, ಆರಿದ ಮೇಲೆ ಕೂರಿಸಿ.

ಮೂರು ರೇಟಿನ ಹಿತ್ತಾಳೆ ವಾಲ್ವ್ ಗುರುತಿಸುವುದು ಹೇಗೆ ಅಂದರೆ, ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿರಲಿ. ಹ್ಯಾಂಡಲ್ ಕಬ್ಬಿಣದ್ದಿದ್ದರೆ ಅಡ್ಡಿಯಿಲ್ಲ, ಅದು ಅಂಟುತ್ತದೆ. ವಾಲ್ವ್ ಮುಚ್ಚಿ, ಬಾಯೊಳಗೆ ಕಾಣುವ ಹೊಳೆಯುವ ಉಂಡೆಗೆ ಅಯಸ್ಕಾಂತ ಮುಟ್ಟಿಸಿ. ಗಟ್ಟಿಯಾಗಿ ಅಂಟಿದರೆ ಕಬ್ಬಿಣದ ಉಂಡೆಗೆ ಮೇಲಷ್ಟೇ ಲೇಪ ಕೊಟ್ಟಿದ್ದಾರೆ; ಲೇಪ ಸವೆದ ದಿನ ತುಕ್ಕು ಹಿಡಿದು ಸೀಟ್ ಹರಿದುಹಾಕುತ್ತದೆ. ಕ್ರೋಮ್ ಲೇಪದ ಹಿತ್ತಾಳೆ ಉಂಡೆ ಅಂಟುವುದಿಲ್ಲ. ಮೈಯನ್ನು ಥ್ರೆಡ್ಡಿನ ಬದಿಗೆ ಕೀಲಿಯಿಂದ ಸ್ವಲ್ಪ ಗೀರಿ: ಒಳಗೆ ಹಳದಿ ಕಂಡರೆ ಹಿತ್ತಾಳೆ, ಬೂದುಬಿಳುಪು ಕಂಡರೆ ಸತುವಿನ ಮಿಶ್ರಣ, ಅದನ್ನು ಅಲ್ಲೇ ಬಿಟ್ಟು ಬನ್ನಿ. ಒಂದೇ ಅಳತೆಯ ಎರಡನ್ನು ಎರಡು ಕೈಯಲ್ಲಿ ಹಿಡಿದರೆ ತೂಕವೇ ಅರ್ಧ ಹೇಳುತ್ತದೆ. ಮೈಮೇಲೆ ಪಿಎನ್ 16 ಅಂತಿದ್ದರೆ 16 ಕೆಜಿ. ಡಬ್ಲ್ಯೂಓಜಿ 1000 ಅಂದರೆ ತಣ್ಣಗಿನ ನೀರು, ಎಣ್ಣೆ, ಗ್ಯಾಸಿಗೆ 1,000 ಪಿಎಸ್‌ಐ, ಅಂದಾಜು 69 ಬಾರ್ (1 ಬಾರ್ ಅಂದರೆ ಹೆಚ್ಚುಕಡಿಮೆ 1 ಕೆಜಿ). ಇದನ್ನು ನೋಡಿ ಹೈಡ್ರಾಲಿಕ್ ಪ್ರೆಸ್ಸಿಗೆ ಹಾಕಬೇಡಿ, ಅಲ್ಲಿನ ಪ್ರೆಷರ್ 200 ಬಾರ್ ದಾಟುತ್ತದೆ, ಅದಕ್ಕೆ ಬೇರೆಯದೇ ಉಕ್ಕಿನ ಬ್ಲಾಕ್ ವಾಲ್ವ್ ಬರುತ್ತದೆ. ಸ್ಟೀಲ್ ವಾಲ್ವಿನ ಮೇಲೆ ಸಿಎಫ್8 ಅಂದರೆ 304ರ ಎರಕ, ಸಿಎಫ್8ಎಂ ಅಂದರೆ 316ರದ್ದು.

ಕೂರಿಸುವಾಗ ಹಿತ್ತಾಳೆ ವಾಲ್ವ್ ಒಡೆಯುವುದು ಬಹುತೇಕ ನಮ್ಮ ಕೈಯಿಂದಲೇ. ಟೆಫ್ಲಾನ್ ಟೇಪನ್ನು ಪೈಪಿನ ತುದಿ ನಿಮ್ಮ ಕಡೆ ಹಿಡಿದು ಗಡಿಯಾರದ ದಿಕ್ಕಿಗೆ ಸುತ್ತಿ, ಮೊದಲ ಒಂದು ಥ್ರೆಡ್ ಖಾಲಿ ಬಿಡಿ. ನಮ್ಮಲ್ಲಿ ಸಿಗುವ ತೆಳು ಟೇಪಾದರೆ ½ ಇಂಚಿಗೆ 5–6 ಸುತ್ತು, 1 ಇಂಚಿಗೆ 8–10. ಕೈಯಿಂದ ಮೂರು ನಾಲ್ಕು ಥ್ರೆಡ್ ಹೋಗಬೇಕು, ನಂತರ ಪಾನಾದಿಂದ ಒಂದೂವರೆಯಿಂದ ಎರಡು ಸುತ್ತು. ಇಪ್ಪತ್ತು ಸುತ್ತು ಟೇಪ್, ಮೇಲೆ ಸಫೇದಾ ದಾರ, ಎರಡಡಿ ಪೈಪ್ ಪಾನಾ ಅಂದರೆ ವಾಲ್ವಿನ ಬಾಯಿ ಬೆಣೆ ಬಡಿದಂತೆ ಅಗಲವಾಗಿ ಸೀಳುತ್ತದೆ. ಕೆಲವೊಮ್ಮೆ ಅವತ್ತೇ ಅಲ್ಲ, ತಿಂಗಳುಗಳ ಮೇಲೆ ಕೂದಲೆಳೆ ಬಿರುಕು ಕಾಣುತ್ತದೆ. ಪಾನಾವನ್ನು ಪೈಪ್ ಹೋಗುತ್ತಿರುವ ಬದಿಯ ಷಟ್ಕೋನಕ್ಕೇ ಹಿಡಿಯಿರಿ. ಆಚೆ ತುದಿಗೆ ಹಿಡಿದು ತಿರುವಿದರೆ ಎರಡು ತುಂಡು ಸೇರಿಸಿದ ಮೈ ನಡುವೆ ಸಡಿಲಾಗುತ್ತದೆ. ಹ್ಯಾಂಡಲ್ ಎದುರಿಗೆ ಬರಲೆಂದು ಹಿಂದಕ್ಕೆ ತಿರುವಬೇಡಿ, ಹಿಂದೆ ಬಂದ ಥ್ರೆಡ್ ಸೋರಿಯೇ ಸೋರುತ್ತದೆ; ಬಿಚ್ಚಿ ಹೊಸ ಟೇಪ್ ಸುತ್ತಿ.

ಪ್ಲಾಸ್ಟಿಕ್ಕಿಗೂ ಹಿತ್ತಾಳೆಗೂ ಕೂಡುವಲ್ಲಿ ಹಿತ್ತಾಳೆ ಥ್ರೆಡ್ ಕೂರಿಸಿದ ಅಡಾಪ್ಟರ್ ಬಳಸಿ, ಅಂಗಡಿಯಲ್ಲಿ ಎಂಎಬಿಟಿ, ಎಫ್‌ಎಬಿಟಿ ಅನ್ನುತ್ತಾರೆ. ಲೋಹದ ಗಂಡು ಥ್ರೆಡ್ಡನ್ನು ಬರಿಯ ಪ್ಲಾಸ್ಟಿಕ್ ಹೆಣ್ಣು ಥ್ರೆಡ್ಡಿಗೆ ಬಿಗಿದರೆ ಪ್ಲಾಸ್ಟಿಕ್ ಸೀಳುತ್ತದೆ.

ಮಾಳಗಿ_ಸೋಲಾರ್ (ವಿಜಯಪುರ):

ಸೋಲಾರ್ ಬಗ್ಗೆ ಸಣ್ಣದಾಗಿ. ಸೋಲಾರ್ ಟಾಕಿ ನೆತ್ತಿ ಮ್ಯಾಲ ನಿಂತ ಗಾಳಿ ಪೈಪಿಗೆ ವಾಲ್ವ್ ಹಾಕಬಾರದು, ಟಾಕಿಗೂ ಆ ಪೈಪಿಗೂ ನಡುವನೂ ಹಾಕಬಾರದು. ಹಬಿ ಹೋಗೂದು ಅಲ್ಲಿಂದ. ನೀರು ಇಳಿಯೂಮುಂದ ಗಾಳಿ ಒಳಗ ಬರೂದೂ ಅಲ್ಲಿಂದ. ಮುಚ್ಚಿದ್ರ ಟಾಕಿ ಉಬ್ಬತೈತಿ ಇಲ್ಲಾ ಒಳಕ್ಕ ಚಪ್ಪಟಿ ಆಗತೈತಿ. ಬಿಸಿನೀರಿನ ಲೈನಿನ ವಾಲ್ವ್ ಗಾಳಿ ಪೈಪ್ ದಾಟಿದ ಮ್ಯಾಲ ಇರಲಿ. ಸಿಪಿವಿಸಿ 93 ಡಿಗ್ರಿ ತನಕ ಅಂತ ಹೇಳ್ತಾರ. ಆದ್ರ ಎಪ್ರಿಲ್-ಮೇ ತಿಂಗಳಾಗ ನಾಲ್ಕು ದಿವಸ ಊರಿಗೆ ಹೋಗಿ ನೀರು ಬಳಸದ ಬಿಟ್ರ ಟಾಕ್ಯಾಗಿನ ನೀರು ಕುದಿಯೂ ಹತ್ತರ ಹೋಗತೈತಿ. ಅದಕ್ಕ ಟಾಕಿಯಿಂದ ಮೊದಲ ಒಂದೂವರಿ ಮೀಟರ್ ಜಿಐ, ವಾಲ್ವ್ ಹಿತ್ತಾಳಿದು, ಆಮ್ಯಾಲ ಸಿಪಿವಿಸಿ. ಯುಪಿವಿಸಿ ವಾಲ್ವ್ ಬಿಸಿನೀರಿಗೆ ಎಲ್ಲೂ ಬ್ಯಾಡ.

ತಣ್ಣೀರು ಒಳಗ ಬರೂ ಲೈನಿಗೂ ಒಂದು ಬಾಲ್ ವಾಲ್ವ್ ಇರಲಿ, ರಿಪೇರಿಗೆ ಬೇಕಾಗತೈತಿ. ನಿಮ್ಮದು ಗಾಜಿನ ಕೊಳವಿ ಇರೂ ಸೋಲಾರ್ ಆಗಿದ್ರ, ಟಾಕಿ ಖಾಲಿ ಮಾಡಿ ಮಧ್ಯಾಹ್ನ ಬಿಸಿಲಾಗ ಆ ವಾಲ್ವ್ ತಗೀಬ್ಯಾಡ್ರಿ. ಕಾದ ಗಾಜಿಗೆ ತಣ್ಣೀರು ಬಿದ್ರ ಕೊಳವಿ ಒಡೀತಾವು. ಹೊತ್ತು ಮುಳುಗಿದ ಮ್ಯಾಲ ಇಲ್ಲಾ ಹೊತ್ತು ಏರೂಕಿಂತ ಮೊದಲ ತುಂಬಸ್ರಿ.

ತಿಕೋಟಾ_ದ್ರಾಕ್ಷಿ (ವಿಜಯಪುರ ಜಿಲ್ಲೆ):

ಹೊಲದ್ದು ನಾ ಹೇಳ್ತೇನ್ರಿ. ನಿಮ್ಮ ಜೋಡಣಿ ಕಳಚೂದಕ್ಕ ಸೊಲ್ಯೂಷನ್ ಕಾರಣ ಅಲ್ಲ, ವಾಲ್ವ್ ತಟ್ಟನ ಮುಚ್ಚೂದು ಕಾರಣ.

300 ಮೀಟರ್ ಪೈಪಿನಾಗ ಓಡೂ ನೀರು ಅಂದ್ರ 63ರ ಲೈನಿನಾಗ ಎಂಟು ನೂರು ಲೀಟರ್ ಹತ್ತರ ಭಾರ ಒಮ್ಮೆಲೆ ನಡದೈತಿ. ಕಾಲು ಸುತ್ತಿಗೆ ಅದನ್ನ ಗಪ್ಪನ ನಿಲ್ಲಿಸಿದ್ರ ಪ್ರೆಷರಿನ ಏಟು ಹಿಂದಕ್ಕ ಹೊಡೀತೈತಿ. ಸೆಕೆಂಡಿಗೆ 1 ಮೀಟರ್ ಓಡೂ ನೀರನ್ನ ತಟ್ಟನ ನಿಲ್ಲಿಸಿದ್ರ ಪಿವಿಸಿ ಲೈನಿನಾಗ ಇದ್ದ ಪ್ರೆಷರಿನ ಮ್ಯಾಲ 3–4 ಕೆಜಿ ಏರತೈತಿ, ಕಬ್ಬಿಣದ ಪೈಪಾದ್ರ 12–13 ಕೆಜಿ. ನಿಮ್ಮದು 4 ಕೆಜಿ ಕ್ಲಾಸಿನ ಪೈಪಿದ್ದು, ಓಡೂ ಪ್ರೆಷರ್ 2 ಕೆಜಿ ಇದ್ರ ಕೂಡಿಸಿ ನೋಡ್ರಿ, ಜೋಡಣಿ ಯಾಕ ಹಾರತೈತಿ ಅಂತ ತಿಳೀತೈತಿ. ಆ ಏಟು 300 ಮೀಟರ್ ಹೋಗಿ ತಿರುಗಿ ಬರಾಕ ಎರಡು ಸೆಕೆಂಡ್ ಹತ್ತರ ಬೇಕು. ಅದಕ್ಕಿಂತ ಲಗೂನ ಮುಚ್ಚಿದ್ರ ಪೂರಾ ಏಟು ಬೀಳತೈತಿ. 15 ಸೆಕೆಂಡ್ ತಗೊಂಡು ಮುಚ್ರಿ. ಅದರಾಗೂ ಬಾಲ್ ವಾಲ್ವಿನಾಗ ಮೊದಲ ಅರ್ಧ ತಿರುವಿದ್ರ ನೀರೇನೂ ಭಾಳ ಕಡಿಮಿ ಆಗಂಗಿಲ್ಲ, ಕಡೀ ಸ್ವಲ್ಪದಾಗ ಎಲ್ಲಾ ನಿಲ್ಲತೈತಿ. ಆದ್ದರಿಂದ ಮೊದಲಿಂದು ಹೆಂಗ ಬೇಕಾದ್ರೂ ತಿರುವ್ರಿ, ಕಡೀ ಕಾಲು ಭಾಗಕ್ಕ 10 ಸೆಕೆಂಡ್ ಇಟ್ಕೋರಿ.

ಬ್ಲಾಕ್ ಬದಲಿ ಮಾಡೂಮುಂದ ಮೊದಲ ಎರಡನೇ ಬ್ಲಾಕಿನ ವಾಲ್ವ್ ಪೂರಾ ತಗೀರಿ, ಆಮ್ಯಾಲ ಮೊದಲಿಂದು ಮುಚ್ರಿ. ನೀರಿಗೆ ಯಾವಾಗಲೂ ಒಂದು ದಾರಿ ಇರಬೇಕು. ಎರಡೂ ಮುಚ್ಚೂದಿದ್ರ ಮೊದಲ ಮೋಟರ್ ಬಂದ್ ಮಾಡ್ರಿ. ಬಾಯಿ ತಿರುಗೂ ಎಲ್ಬೋ, ಟೀ ಇರೂ ಕಡೆ ಪೈಪಿನ ಹಿಂದ ಕಾಂಕ್ರೀಟ್ ಗಡ್ಡಿ ಹಾಕ್ರಿ. ಬರೇ ಮಣ್ಣು ಮುಚ್ಚಿದ್ರ ಏಟಿಗೆ ಪೈಪ್ ಸರೀತೈತಿ, ಸರದಲ್ಲೆ ಜೋಡಣಿ ಬಿಡತೈತಿ. ಮೋಟರಿನ ಹತ್ತರ ಮೊದಲ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕ ಬರದಂಗ ತಡಿಯೂದು), ಅದರ ಮುಂದ ಬಾಲ್ ವಾಲ್ವ್. ಹಂಗಿದ್ರ ಬಾಲ್ ವಾಲ್ವ್ ಮುಚ್ಚಿ, ಲೈನಿನ ನೀರು ಖಾಲಿ ಮಾಡದ ನಾನ್ ರಿಟರ್ನ್ ಬಿಚ್ಚಬಹುದು.

ವೆಂಚುರಿ (ಡ್ರಿಪ್ಪಿನ ನೀರಿಗೆ ಗೊಬ್ಬರ ಎಳದು ಕೂಡಿಸೂ ಸಾಧನ) ಇದ್ರ ಒಂದು ಮಾತು. ಗೊಬ್ಬರ ಎಳೀಬೇಕಂದ್ರ ಮುಖ್ಯ ಲೈನಿನ ವಾಲ್ವ್ ಸ್ವಲ್ಪ ಮುಚ್ಚಿ ಎರಡೂ ಕಡೆ ಪ್ರೆಷರಿನ ಫರಕ್ ಮಾಡಲೇಬೇಕು. ಅಲ್ಲಿ ಬಾಲ್ ವಾಲ್ವ್ ಅರ್ಧ ಇರೂದು ತಪ್ಪಂಗಿಲ್ಲ, ಅದು ಲಗೂ ಸವೀತೈತಿ. ಆ ಒಂದು ಜಾಗಕ್ಕ ಬಟರ್‌ಫ್ಲೈ ವಾಲ್ವ್ ಹಾಕ್ರಿ, ವೆಂಚುರಿಯ ಎರಡು ಬದಿಗೆ ಮಾತ್ರ ಬಾಲ್ ವಾಲ್ವ್. ಸುಣ್ಣ ಬಿಡಿಸಾಕ ಡ್ರಿಪ್ಪಿಗೆ ಆ್ಯಸಿಡ್ ಬಿಡವ್ರಾಗಿದ್ರ ಆ ಲೈನಿನಾಗ ಹಿತ್ತಾಳಿ ಬ್ಯಾಡ, ಪ್ಲಾಸ್ಟಿಕ್ ವಾಲ್ವ್ ಇರಲಿ. ಆ್ಯಸಿಡ್ ಯಾವಾಗಲೂ ನೀರಿಗೆ ಹಾಕಬೇಕು, ಆ್ಯಸಿಡ್ಡಿಗೆ ನೀರು ಹಾಕಬಾರದು. ಸಬ್‌ಮೇನಿನ (ಬ್ಲಾಕಿನ ಡ್ರಿಪ್ ಪೈಪುಗಳಿಗೆ ನೀರು ಹಂಚೂ ಪೈಪ್) ತುದಿಗೊಂದು ಫ್ಲಶ್ ವಾಲ್ವ್ (ಕಸ ತೊಳದು ಬಿಡೂದು) ಮರೀಬ್ಯಾಡ್ರಿ.

ಬ್ಯಾಸಿಗ್ಯಾಗ ಹೊಲ ಖಾಲಿ ಬಿಟ್ಟಾಗ ಲೈನಿನ ನೀರು ಇಳಿಸಿ ಬಾಲ್ ವಾಲ್ವನ್ನ ಅರ್ಧಕ್ಕ ನಿಲ್ಲಸ್ರಿ. ಮುಚ್ಚಿದ್ರ ಉಂಡಿ ಒಳಗಿನ ತೂತಿನಾಗ ನೀರು ಸಿಕ್ಕೊಂಡು ಬಿಸಿಲಿಗೆ ಹಿಗ್ಗತೈತಿ, ಪ್ಲಾಸ್ಟಿಕ್ ಮೈ ಬಿರಕ ಬಿಡತೈತಿ. ನೀರು ಓಡೂ ಲೈನಿನಾಗ ಅರ್ಧ ಇಡಬಾರದು ಅಂದಿದ್ದು ಖರೆ, ಇದು ಖಾಲಿ ಲೈನಿನ ಮಾತು.

ನವನಗರ_ಶೆಡ್:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಗಾಳಿ ಲೈನ್ ಜಿಐದಾಗ ಮಾಡ್ತೇನಿ, 4 ಕೆಜಿ ಪೈಪ್ ಅನ್ನೂದೂ ಖರೆ ಐತಿ, ಪೈಪಿನ ಮ್ಯಾಲ ನೋಡಿದೆ. ಇನ್ನೆರಡು ಕೇಳೂದೈತಿ. ಬಚ್ಚಲದಾಗ ಒಂದು ಹಳೇ ಹಿತ್ತಾಳಿ ಬಾಲ್ ವಾಲ್ವ್ ಐತಿ, ಹ್ಯಾಂಡಲ್ಲಿನ ಬುಡಕ್ಕ ಹನಿ ಹನಿ ಸೋರತೈತಿ, ತಿರುವಾಕೂ ಭಾಳ ಬಿಗಿ. ಅದನ್ನ ತಗದು ಒಗೀಬೇಕೋ, ಉಳಿಸಬಹುದೋ? ಮತ್ತ ಲೈನ್ ಎಲ್ಲಾ ಜೋಡಿಸಿದ ಮ್ಯಾಲ ಟೆಸ್ಟ್ ಹೆಂಗ ಮಾಡೂದು?

ಉದ್ಯಮಬಾಗ್_ಫಿಟ್ಟರ್:

ಬುಡದಲ್ಲಿ ಸೋರಿದರೆ ಒಗೆಯಬೇಡಿ. ಹ್ಯಾಂಡಲ್ಲಿನ ನಟ್ ಬಿಚ್ಚಿ ಹ್ಯಾಂಡಲ್ ತೆಗೆಯಿರಿ, ಕೆಳಗೆ ಸ್ಪಿಂಡಲ್ ಸುತ್ತ ಇನ್ನೊಂದು ಗ್ಲಾಂಡ್ ನಟ್ ಇರುತ್ತದೆ. ಅದನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಬಿಗಿದು ನೋಡಿ, ನಿಲ್ಲದಿದ್ದರೆ ಇನ್ನಷ್ಟೇ. ಒಮ್ಮೆಲೇ ಬಿಗಿದರೆ ಸೋರುವುದು ನಿಲ್ಲುತ್ತದೆ, ಆದರೆ ಹ್ಯಾಂಡಲ್ ಕಲ್ಲಾಗುತ್ತದೆ. ಹ್ಯಾಂಡಲ್ ತೆಗೆದಾಗ ಸ್ಪಿಂಡಲ್ ನೆತ್ತಿಯ ಚಪ್ಪಟೆ ಬದಿ ಅಥವಾ ಗೀರು ಯಾವ ದಿಕ್ಕಿಗಿದೆ ನೋಡಿಕೊಳ್ಳಿ; ಸಾಮಾನ್ಯವಾಗಿ ಅದು ಉಂಡೆಯ ತೂತಿನ ದಿಕ್ಕನ್ನೇ ತೋರಿಸುತ್ತದೆ, ಹ್ಯಾಂಡಲ್ ಅಡ್ಡ ಕೂರಿಸಿದರೆ ತೆರೆದದ್ದು ಯಾವುದು ಮುಚ್ಚಿದ್ದು ಯಾವುದು ತಿಳಿಯದ ಹಾಗಾಗುತ್ತದೆ.

ಬಿಗಿ ಇರುವುದು ಸುಣ್ಣದಿಂದ. ಹ್ಯಾಂಡಲ್ಲಿಗೆ ಪೈಪ್ ತೂರಿಸಿ ಜಗ್ಗಬೇಡಿ, ಸ್ಪಿಂಡಲ್ ಒಳಗೆ ಮುರಿಯುತ್ತದೆ. ವಾಲ್ವ್ ಬಿಚ್ಚಿ ತಂದು, ಅರ್ಧ ತೆರೆದಿಟ್ಟು, ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ಕರಗಿಸಿ ಎರಡು ಮೂರು ತಾಸು ಮುಳುಗಿಸಿ. ಗುಳ್ಳೆ ಬರುವುದು ನಿಂತ ಮೇಲೆ ಕೈಯಿಂದ ಸಣ್ಣಗೆ ಹಿಂದೆ ಮುಂದೆ ಆಡಿಸಿ, ಚೆನ್ನಾಗಿ ತೊಳೆಯಿರಿ. ರಾತ್ರಿಯಿಡೀ ಬಿಡಬೇಡಿ. ಕಕ್ಕಸು ತೊಳೆಯುವ ಆ್ಯಸಿಡ್ಡಿಗೂ ಹಾಕಬೇಡಿ, ಅದು ಸುಣ್ಣದ ಜೊತೆ ಹಿತ್ತಾಳೆಯನ್ನೂ ತಿನ್ನುತ್ತದೆ. ತೊಳೆದ ಮೇಲೂ ಮುಚ್ಚಿದಾಗ ಬಾಯಿಂದ ಹನಿ ಬಂದರೆ ಸೀಟ್ ಹೋಗಿದೆ, ಆಗ ಬದಲಿಸುವುದೇ ಸರಿ.

ಟೆಸ್ಟಿಗೆ ನೀರಿನ ಲೈನನ್ನು ನೀರಿನಿಂದಲೇ ಒತ್ತಬೇಕು, ಪ್ಲಾಸ್ಟಿಕ್ ಲೈನನ್ನು ಕಂಪ್ರೆಸರಿನಿಂದ ಒತ್ತುವುದು ಅಪಾಯ. ಎತ್ತರದ ನಳ ತೆರೆದು ಗಾಳಿ ಪೂರ್ತಿ ಹೋಗಲು ಬಿಡಿ, ತುದಿಗಳಿಗೆ ಪ್ಲಗ್ ಹಾಕಿ, ಗೀಸರ್ ಮತ್ತು ಸೋಲಾರನ್ನು ಬೇರ್ಪಡಿಸಿ. ಟೆಸ್ಟ್ ಪಂಪಿನಿಂದ ನಿಧಾನ ಪ್ರೆಷರ್ ಏರಿಸುವಾಗ ನಡುವಿನ ಬಾಲ್ ವಾಲ್ವುಗಳನ್ನು ಅರ್ಧ ತೆರೆದಿಡಿ. ಆಗ ಉಂಡೆಯ ಸುತ್ತಲಿನ ಖಾಲಿ ಜಾಗಕ್ಕೂ ಪ್ರೆಷರ್ ತಲುಪಿ ಗ್ಲಾಂಡ್ ಸೋರಿದರೆ ಅಲ್ಲೇ ಕಾಣುತ್ತದೆ. ಒಂದು ತಾಸು ಮುಳ್ಳು ಇಳಿಯಬಾರದು. ಗಾಳಿ ಲೈನಿಗಾದರೆ ಮೊದಲು 2 ಕೆಜಿಯಲ್ಲಿ ನಿಲ್ಲಿಸಿ ಪ್ರತಿ ಜೋಡಣೆಗೆ ಸಾಬೂನು ನೀರು ಹಚ್ಚಿ ನೋಡಿ, ನಂತರ 8ಕ್ಕೆ ಏರಿಸಿ.

ಗುಮ್ಮಟ_ಪ್ಲಂಬಿಂಗ್:

ಒಂದು ಕೂಡಸ್ತೇನಿ. ಯೂನಿಯನ್ ಪ್ಲಾಸ್ಟಿಕ್ ವಾಲ್ವಿನ ನಟ್ಟನ್ನ ಪಾನಾ ಹಚ್ಚಿ ಬಿಗೀಬ್ಯಾಡ್ರಿ, ಕೈಯಿಂದ ಬಿಗಿದು ಸಾಕು. ಸೋರಿದ್ರ ಬಿಚ್ಚಿ ಒ-ರಿಂಗ್ ನೋಡ್ರಿ, ಮರಳಿನ ಒಂದು ಕಾಳು ಕೂತಿದ್ರೂ ಸೋರತೈತಿ. ರಿಂಗಿಗೆ ಹಚ್ಚೂದು ಸಿಲಿಕಾನ್ ಗ್ರೀಸ್ ಅಷ್ಟ. ಗಾಡಿ ಗ್ರೀಸ್, ವ್ಯಾಸಲೀನ್ ಹಚ್ಚಿದ್ರ ರಬ್ಬರ್ ಉಬ್ಬಿ ಮೆತ್ತಗಾಗತೈತಿ, ಮುಂದಿನ ಸಲ ಬಿಚ್ಚಿದಾಗ ತನ್ನ ತಗ್ಗಿನಾಗ ಕೂಡಂಗಿಲ್ಲ.